ಚಾವಣಿ ಸೌರ ವಿದ್ಯುತ್ ಸಹಾಯಧನ (ಕರ್ನಾಟಕ)

ಚಾವಣಿ ಸೌರ ವಿದ್ಯುತ್ ಸಹಾಯಧನವು ವಾಸದ ಮನೆಗಳ ತಾರಸಿಯ ಮೇಲೆ ಸೌರ ಫಲಕಗಳನ್ನು ಅಳವಡಿಸಿಕೊಳ್ಳುವ ಗೃಹಬಳಕೆಯ ಗ್ರಾಹಕರಿಗೆ ಸರ್ಕಾರ ನೀಡುವ ಹಣಕಾಸಿನ ನೆರವು. 2024ರಿಂದ ಈ ನೆರವು ಭಾರತ ಸರ್ಕಾರದ 'ಪಿಎಂ ಸೂರ್ಯ ಘರ್: ಮುಫ್ತ್ ಬಿಜ್ಲಿ ಯೋಜನೆ'ಯ ಮೂಲಕ ದೊರೆಯುತ್ತಿದೆ. ಯೋಜನೆಯನ್ನು ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ರೂಪಿಸಿದ್ದು, ಕರ್ನಾಟಕದಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಸೆಸ್ಕ್ ಎಂಬ ವಿದ್ಯುತ್ ಸರಬರಾಜು ಕಂಪನಿಗಳು ತಮ್ಮ ತಮ್ಮ ವ್ಯಾಪ್ತಿಯಲ್ಲಿ ಅನುಷ್ಠಾನಗೊಳಿಸುತ್ತವೆ. ಮನೆಯನ್ನು ಇಂಧನ ಮಿತವ್ಯಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಲು ಕರ್ನಾಟಕದ ಸಾಮಾನ್ಯ ಕುಟುಂಬವೊಂದು ನೇರವಾಗಿ ಪಡೆಯಬಹುದಾದ ಸರ್ಕಾರಿ ನೆರವುಗಳಲ್ಲಿ ಇದು ಮುಖ್ಯವಾದುದು. ಘಟಕವನ್ನು ಅಳವಡಿಸಿ, ಪರಿಶೀಲನೆ ಮುಗಿದ ಬಳಿಕವಷ್ಟೇ ಸಹಾಯಧನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆದುದರಿಂದ ತಾರಸಿಯ ಹಕ್ಕು, ವಿದ್ಯುತ್ ಸಂಪರ್ಕದಲ್ಲಿರುವ ಹೆಸರು ಮತ್ತು ಆರಂಭದಲ್ಲಿ ಹೂಡಬೇಕಾದ ಹಣ, ಈ ಮೂರರ ಮೇಲೆ ಅರ್ಜಿಯ ಯಶಸ್ಸು ಬಹುಮಟ್ಟಿಗೆ ನಿಂತಿದೆ.

ಹಿನ್ನೆಲೆ

ಭಾರತದಲ್ಲಿ ರಾಷ್ಟ್ರೀಯ ಸೌರ ಅಭಿಯಾನವು 2010ರ ಜನವರಿಯಲ್ಲಿ ಆರಂಭವಾಯಿತು. 2015ರಲ್ಲಿ ಅದರ ಗುರಿಯನ್ನು 2022ರ ವೇಳೆಗೆ 100 ಗಿಗಾವಾಟ್‌ಗೆ ಏರಿಸಿ, ಅದರಲ್ಲಿ 40 ಗಿಗಾವಾಟ್ ಕಟ್ಟಡಗಳ ಚಾವಣಿಗಳಿಂದಲೇ ಬರಬೇಕೆಂದು ನಿರ್ಧರಿಸಲಾಯಿತು. ಬಯಲು ಪ್ರದೇಶದ ಬೃಹತ್ ಸ್ಥಾವರಗಳು ವೇಗವಾಗಿ ಬೆಳೆದವಾದರೂ ಚಾವಣಿ ಘಟಕಗಳು ಗುರಿಗಿಂತ ಬಹಳ ಹಿಂದೆ ಉಳಿದವು. ಕರ್ನಾಟಕದಲ್ಲಿಯೂ ಇದೇ ವ್ಯತ್ಯಾಸ ಕಾಣುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು ದೇಶದ ಅತಿ ದೊಡ್ಡ ಸೌರ ಉದ್ಯಾನಗಳಲ್ಲಿ ಒಂದು. ಆದರೆ ಚಾವಣಿ ಸೌರ ವಿದ್ಯುತ್ತಿನಲ್ಲಿ ಗುಜರಾತ್, ಮಹಾರಾಷ್ಟ್ರ ಮತ್ತು ಕೇರಳಗಳು ಕರ್ನಾಟಕಕ್ಕಿಂತ ಮುಂದಿವೆ.

ಕರ್ನಾಟಕದಲ್ಲಿ ಚಾವಣಿ ಘಟಕಗಳಿಗೆ ಮೊದಲು ದೊರೆತ ಉತ್ತೇಜನ ಸಹಾಯಧನಕ್ಕಿಂತ ಹೆಚ್ಚಾಗಿ ಖರೀದಿ ದರದ ರೂಪದಲ್ಲಿತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರ ಅಕ್ಟೋಬರ್‌ನಲ್ಲಿ, ಸಹಾಯಧನ ಪಡೆಯದ ಚಾವಣಿ ಘಟಕಗಳಿಂದ ಜಾಲಕ್ಕೆ ಬರುವ ವಿದ್ಯುತ್ತಿಗೆ ಯುನಿಟ್‌ಗೆ 9.56 ರೂ. ದರವನ್ನೂ, ಸಹಾಯಧನ ಪಡೆದವುಗಳಿಗೆ 7.20 ರೂ. ದರವನ್ನೂ ನಿಗದಿಪಡಿಸಿತು. ಫಲಕಗಳ ಬೆಲೆ ಇಳಿದಂತೆ ಈ ದರಗಳನ್ನು ಇಳಿಸಲಾಯಿತು.

2019ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಚಾವಣಿ ಸೌರ ಕಾರ್ಯಕ್ರಮದ ಎರಡನೇ ಹಂತದಲ್ಲಿ ವಾಸದ ಮನೆಗಳಿಗೆ 3 ಕಿಲೋವಾಟ್‌ವರೆಗೆ ನಿಗದಿತ ವೆಚ್ಚದ ಶೇ. 40ರಷ್ಟು, ಅದರ ಮೇಲೆ 10 ಕಿಲೋವಾಟ್‌ವರೆಗೆ ಶೇ. 20ರಷ್ಟು ನೆರವು ಇತ್ತು. ಇದನ್ನೇ ಬೆಸ್ಕಾಂ 'ಸೌರ ಗೃಹ ಯೋಜನೆ' ಎಂಬ ಹೆಸರಿನಲ್ಲಿ ಗ್ರಾಹಕರಿಗೆ ಪರಿಚಯಿಸಿತು. ಆಗ ಗ್ರಾಹಕನು ಸಹಾಯಧನವನ್ನು ಕಳೆದು ಉಳಿದ ಮೊತ್ತವನ್ನು ಮಾತ್ರ ಏಜೆನ್ಸಿಗೆ ಕೊಡುತ್ತಿದ್ದನು. ಸಹಾಯಧನವು ವಿದ್ಯುತ್ ಕಂಪನಿಯ ಮೂಲಕ ಏಜೆನ್ಸಿಗೆ ಸೇರುತ್ತಿತ್ತು. 2022ರ ಜುಲೈ 30ರಂದು ಆರಂಭವಾದ ರಾಷ್ಟ್ರೀಯ ಪೋರ್ಟಲ್ ಈ ಕ್ರಮವನ್ನು ಬದಲಿಸಿ ಹಣವನ್ನು ನೇರವಾಗಿ ಗ್ರಾಹಕನ ಖಾತೆಗೆ ಕಳುಹಿಸುವ ವ್ಯವಸ್ಥೆ ತಂದಿತು. ಇದರಿಂದ ಮಧ್ಯವರ್ತಿಗಳ ಪಾತ್ರ ತಗ್ಗಿತು. ಅದೇ ವೇಳೆ ಪೂರ್ತಿ ವೆಚ್ಚವನ್ನು ಮೊದಲು ಭರಿಸುವ ಹೊಣೆ ಗ್ರಾಹಕನ ಮೇಲೆ ಬಿದ್ದಿತು.

ಪಿಎಂ ಸೂರ್ಯ ಘರ್ ಯೋಜನೆಯನ್ನು 2024ರ ಫೆಬ್ರವರಿ 13ರಂದು ಪ್ರಕಟಿಸಲಾಯಿತು. ಕೇಂದ್ರ ಸಚಿವ ಸಂಪುಟವು ಫೆಬ್ರವರಿ 29ರಂದು 75,021 ಕೋಟಿ ರೂ. ವೆಚ್ಚಕ್ಕೆ ಒಪ್ಪಿಗೆ ನೀಡಿತು. 2026-27ರ ವೇಳೆಗೆ ಒಂದು ಕೋಟಿ ಮನೆಗಳನ್ನು ತಲುಪುವುದು ಇದರ ಗುರಿ. 2025ರ ಮಾರ್ಚ್‌ನಲ್ಲಿ ದೇಶದಾದ್ಯಂತ ಹತ್ತು ಲಕ್ಷ ಮನೆಗಳಲ್ಲಿ ಅಳವಡಿಕೆ ಪೂರ್ಣಗೊಂಡಿತೆಂದು ಸಚಿವಾಲಯ ತಿಳಿಸಿತು. 2024ರ ಜೂನ್‌ನಿಂದ ಈ ಸಚಿವಾಲಯದ ಹೊಣೆಯನ್ನು ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರು ವಹಿಸಿಕೊಂಡರು.

ಸಹಾಯಧನದ ಪ್ರಮಾಣ

ಸಹಾಯಧನವನ್ನು ಘಟಕದ ಸಾಮರ್ಥ್ಯಕ್ಕೆ ಅನುಗುಣವಾಗಿ ಲೆಕ್ಕ ಹಾಕಲಾಗುತ್ತದೆ. ಮೊದಲ 2 ಕಿಲೋವಾಟ್‌ಗಳಿಗೆ ಪ್ರತಿ ಕಿಲೋವಾಟ್‌ಗೆ 30,000 ರೂ., ಮೂರನೆಯ ಕಿಲೋವಾಟ್‌ಗೆ 18,000 ರೂ. ದೊರೆಯುತ್ತದೆ. ಅದರಂತೆ:

1 ಕಿಲೋವಾಟ್ ಘಟಕಕ್ಕೆ 30,000 ರೂ.
2 ಕಿಲೋವಾಟ್ ಘಟಕಕ್ಕೆ 60,000 ರೂ.
3 ಕಿಲೋವಾಟ್ ಮತ್ತು ಅದಕ್ಕೂ ಮೇಲ್ಪಟ್ಟ ಘಟಕಕ್ಕೆ ಗರಿಷ್ಠ 78,000 ರೂ.

ತಿಂಗಳಿಗೆ 150 ಯುನಿಟ್‌ವರೆಗೆ ಬಳಸುವ ಮನೆಗೆ 1ರಿಂದ 2 ಕಿಲೋವಾಟ್, 150ರಿಂದ 300 ಯುನಿಟ್ ಬಳಸುವ ಮನೆಗೆ 2ರಿಂದ 3 ಕಿಲೋವಾಟ್ ಸಾಮರ್ಥ್ಯ ಸೂಕ್ತವೆಂದು ಯೋಜನೆಯು ಸೂಚಿಸುತ್ತದೆ. ಅಪಾರ್ಟ್‌ಮೆಂಟ್ ಸಂಘಗಳು ಮತ್ತು ಬಡಾವಣೆಯ ನಿವಾಸಿಗಳ ಸಂಘಗಳು ಲಿಫ್ಟ್, ನೀರಿನ ಪಂಪು, ಸಾಮಾನ್ಯ ದೀಪಗಳು, ವಿದ್ಯುತ್ ವಾಹನಗಳ ಚಾರ್ಜಿಂಗ್ ಮೊದಲಾದ ಸಾಮೂಹಿಕ ಸೌಲಭ್ಯಗಳಿಗಾಗಿ ಪ್ರತಿ ಕಿಲೋವಾಟ್‌ಗೆ 18,000 ರೂ.ನಂತೆ 500 ಕಿಲೋವಾಟ್‌ವರೆಗೆ ನೆರವು ಪಡೆಯಬಹುದು. ಈ ಮಿತಿಯನ್ನು ಮನೆಯೊಂದಕ್ಕೆ 3 ಕಿಲೋವಾಟ್‌ನಂತೆ ಎಣಿಸಲಾಗುತ್ತದೆ.

3 ಕಿಲೋವಾಟ್‌ವರೆಗಿನ ಘಟಕಗಳಿಗೆ ಅಡಮಾನವಿಲ್ಲದ ಬ್ಯಾಂಕ್ ಸಾಲವೂ ಲಭ್ಯ. ಯೋಜನೆಯನ್ನು ಪ್ರಕಟಿಸಿದ ಕಾಲಕ್ಕೆ ಅದರ ಬಡ್ಡಿ ದರ ಸುಮಾರು ಶೇ. 7ರಷ್ಟಿತ್ತು. ಸೌರ ಸಾಧನಗಳಿಗೆ ಬ್ಯಾಂಕ್ ಸಾಲ ನೀಡುವ ವಿಷಯದಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು ಮನೆ ಬಳಕೆಯ ಸೌರ ದೀಪಗಳಿಗೆ ಬಡ್ಡಿ ರಿಯಾಯಿತಿಯ ಸಾಲ ನೀಡಿದ್ದವು. 1995ರಲ್ಲಿ ಸೆಲ್ಕೊ ಸಂಸ್ಥೆಯನ್ನು ಸ್ಥಾಪಿಸಿ, ಬಡ ಕುಟುಂಬಗಳಿಗೂ ಕಂತಿನ ಸಾಲದ ಮೂಲಕ ಸೌರ ದೀಪಗಳನ್ನು ತಲುಪಿಸಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಅರ್ಹತೆ

ಅರ್ಜಿದಾರರು ಭಾರತದ ಪ್ರಜೆಯಾಗಿರಬೇಕು. ಫಲಕಗಳನ್ನು ಅಳವಡಿಸಲು ಯೋಗ್ಯವಾದ ಚಾವಣಿಯುಳ್ಳ ಮನೆ ಹಾಗೂ ಚಾಲ್ತಿಯಲ್ಲಿರುವ ಗೃಹಬಳಕೆಯ ವಿದ್ಯುತ್ ಸಂಪರ್ಕ ಇರಬೇಕು. ಸೌರ ಫಲಕಗಳಿಗಾಗಿ ಈ ಹಿಂದೆ ಬೇರೆ ಸಹಾಯಧನ ಪಡೆದಿರಬಾರದು. ಬಳಸುವ ಸೌರ ಫಲಕಗಳು ಭಾರತದಲ್ಲಿಯೇ ತಯಾರಾದ ಕೋಶಗಳಿಂದ ರೂಪುಗೊಂಡಿರಬೇಕು. ಆಮದು ಫಲಕಗಳನ್ನು ಅಳವಡಿಸಿದರೆ ಘಟಕವು ಕೆಲಸ ಮಾಡಿದರೂ ಸಹಾಯಧನ ದೊರೆಯುವುದಿಲ್ಲ.

ವಿದ್ಯುತ್ ಬಿಲ್ಲಿನಲ್ಲಿರುವ ಹೆಸರು, ಅರ್ಜಿಯಲ್ಲಿರುವ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದೇ ಆಗಿರುವುದು ಆವಶ್ಯಕ. ಹಳೆಯ ಬಡಾವಣೆಗಳಲ್ಲಿ ಮನೆಯ ಖಾತೆಯು ಮಕ್ಕಳ ಹೆಸರಿಗೆ ಬದಲಾಗಿದ್ದರೂ ವಿದ್ಯುತ್ ಸಂಪರ್ಕವು ತೀರಿಕೊಂಡ ತಂದೆಯ ಅಥವಾ ಮನೆ ಮಾರಿದವರ ಹೆಸರಿನಲ್ಲಿಯೇ ಮುಂದುವರಿದಿರುವುದುಂಟು. ಅಂಥವರು ಮನೆಯ ಹಕ್ಕಿನ ದಾಖಲೆಗಳೊಂದಿಗೆ ಸಂಬಂಧಪಟ್ಟ ಉಪವಿಭಾಗದ ಕಚೇರಿಯಲ್ಲಿ ಮೊದಲು ಹೆಸರು ವರ್ಗಾವಣೆ ಮಾಡಿಸಿಕೊಂಡು, ಅನಂತರ ಸಹಾಯಧನಕ್ಕೆ ಅರ್ಜಿ ಸಲ್ಲಿಸುವುದು ಸೂಕ್ತ.

ಅರ್ಜಿಯ ಹಂತಗಳು

1. ನೋಂದಣಿ: ರಾಷ್ಟ್ರೀಯ ಪೋರ್ಟಲ್‌ನಲ್ಲಿ ರಾಜ್ಯ, ವಿದ್ಯುತ್ ಕಂಪನಿ, ಬಿಲ್ಲಿನಲ್ಲಿರುವ ಗ್ರಾಹಕ ಖಾತೆ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆಯನ್ನು ನೀಡಿ ಹೆಸರು ನೋಂದಾಯಿಸಬೇಕು. ಬಿಲ್ಲಿನಲ್ಲಿ ಆರ್‌.ಆರ್‌. ಸಂಖ್ಯೆ ಮತ್ತು ಖಾತೆ ಸಂಖ್ಯೆ ಎರಡೂ ಇರುವುದರಿಂದ ಪೋರ್ಟಲ್ ಯಾವುದನ್ನು ಕೇಳಿದೆ ಎಂಬುದನ್ನು ಗಮನಿಸಬೇಕು.

2. ಅರ್ಜಿ: ಬೇಕಾದ ಸಾಮರ್ಥ್ಯವನ್ನು ತಿಳಿಸಿ, ಇತ್ತೀಚಿನ ವಿದ್ಯುತ್ ಬಿಲ್ಲಿನ ಪ್ರತಿಯೊಂದಿಗೆ ಅರ್ಜಿ ಸಲ್ಲಿಸಬೇಕು.

3. ಒಪ್ಪಿಗೆ: 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ, 10 ಕಿಲೋವಾಟ್‌ವರೆಗಿನ ಕ್ರಮಬದ್ಧ ಅರ್ಜಿಗಳು ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನವಿಲ್ಲದೆಯೇ ಅಂಗೀಕೃತವಾದಂತೆ. ಮಂಜೂರಾದ ಲೋಡ್ ಹೆಚ್ಚಿಸಬೇಕಾದಲ್ಲಿ ಅದನ್ನೂ ವಿದ್ಯುತ್ ಕಂಪನಿಯೇ ಮಾಡಬೇಕು.

4. ಏಜೆನ್ಸಿಯ ಆಯ್ಕೆ: ಪೋರ್ಟಲ್‌ನಲ್ಲಿ ನೋಂದಾಯಿತವಾದ ಏಜೆನ್ಸಿಗಳಿಂದಲೇ ಕೆಲಸ ಮಾಡಿಸಬೇಕು. ದರವನ್ನು ಗ್ರಾಹಕ ಮತ್ತು ಏಜೆನ್ಸಿ ಪರಸ್ಪರ ಒಪ್ಪಂದದಿಂದ ತೀರ್ಮಾನಿಸಿಕೊಳ್ಳುತ್ತಾರೆ. ಆದಕಾರಣ ಎರಡು ಮೂರು ಏಜೆನ್ಸಿಗಳಿಂದ ದರಪಟ್ಟಿ ಪಡೆದು ಹೋಲಿಸುವುದು ಲಾಭಕರ. ಐದು ವರ್ಷಗಳ ನಿರ್ವಹಣೆಯ ಹೊಣೆ ಏಜೆನ್ಸಿಯದು. ಇದು ಒಪ್ಪಂದ ಪತ್ರದಲ್ಲಿ ನಮೂದಾಗಿರಬೇಕು.

5. ಅಳವಡಿಕೆ ಮತ್ತು ನೆಟ್ ಮೀಟರ್: ಫಲಕ, ಇನ್ವರ್ಟರ್, ಆಧಾರ ಚೌಕಟ್ಟು ಮತ್ತು ಅರ್ಥಿಂಗ್ ಕೆಲಸ ಮುಗಿದ ಮೇಲೆ ವಿವರಗಳನ್ನು ಪೋರ್ಟಲ್‌ಗೆ ಸೇರಿಸಿ, ನೆಟ್ ಮೀಟರ್‌ಗೆ ಅರ್ಜಿ ಸಲ್ಲಿಸಲಾಗುತ್ತದೆ.

6. ಪರಿಶೀಲನೆ: ವಿದ್ಯುತ್ ಕಂಪನಿಯ ಸಿಬ್ಬಂದಿ ಸ್ಥಳ ಪರಿಶೀಲಿಸಿ, ಮೀಟರ್ ಅಳವಡಿಸಿ, ಘಟಕ ಚಾಲನೆಗೊಂಡ ಪ್ರಮಾಣಪತ್ರವನ್ನು ಪೋರ್ಟಲ್ ಮೂಲಕ ನೀಡುತ್ತಾರೆ.

7. ಸಹಾಯಧನ: ಪ್ರಮಾಣಪತ್ರ ದೊರೆತ ಬಳಿಕ ಬ್ಯಾಂಕ್ ಖಾತೆಯ ವಿವರ ಹಾಗೂ ರದ್ದುಪಡಿಸಿದ ಚೆಕ್ಕಿನ ಪ್ರತಿಯನ್ನು ಸಲ್ಲಿಸಬೇಕು. ಯೋಜನೆಯ ಪ್ರಕಾರ 30 ದಿನಗಳೊಳಗೆ ಹಣ ಜಮೆಯಾಗಬೇಕು.

ನೆಟ್ ಮೀಟರ್ ಮತ್ತು ಬಿಲ್ಲಿನ ಲೆಕ್ಕ

ಹಗಲಿನಲ್ಲಿ ಫಲಕಗಳಿಂದ ಉತ್ಪಾದನೆಯಾಗುವ ವಿದ್ಯುತ್ತನ್ನು ಮೊದಲು ಮನೆಯೇ ಬಳಸಿಕೊಳ್ಳುತ್ತದೆ. ಮಿಕ್ಕದ್ದು ಜಾಲಕ್ಕೆ ಹರಿಯುತ್ತದೆ. ರಾತ್ರಿ ಬೇಕಾದ ವಿದ್ಯುತ್ ಜಾಲದಿಂದ ಬರುತ್ತದೆ. ಎರಡೂ ದಿಕ್ಕಿನ ಹರಿವನ್ನು ಅಳೆಯುವ ನೆಟ್ ಮೀಟರ್‌ನ ವ್ಯತ್ಯಾಸಕ್ಕೆ ಮಾತ್ರ ಬಿಲ್ಲು ಮಾಡಲಾಗುತ್ತದೆ. ಜಾಲಕ್ಕೆ ಕೊಟ್ಟದ್ದೇ ಹೆಚ್ಚಾದರೆ ಆಯೋಗವು ನಿಗದಿಪಡಿಸಿದ ದರದಲ್ಲಿ ಹಣ ಸಲ್ಲುತ್ತದೆ. ಈ ದರವು ಗ್ರಾಹಕನು ತೆರುವ ದರಕ್ಕಿಂತ ಕಡಿಮೆ. ಆದ್ದರಿಂದ ಸ್ವಂತ ಬಳಕೆಗಿಂತ ಬಹಳ ದೊಡ್ಡ ಘಟಕವನ್ನು ಹಾಕಿಸುವುದು ಲಾಭದಾಯಕವಲ್ಲ.

1 ಕಿಲೋವಾಟ್ ಘಟಕಕ್ಕೆ ನೆರಳು ಬೀಳದ ಸುಮಾರು 100 ಚದರ ಅಡಿ ಜಾಗ ಬೇಕು. ಅದರಿಂದ ದಿನಕ್ಕೆ ಸರಾಸರಿ 4 ಯುನಿಟ್ ದೊರೆಯುತ್ತದೆ. ಮಳೆಗಾಲದಲ್ಲಿ ಇದು ತಗ್ಗುತ್ತದೆ. ಉದಾಹರಣೆಗೆ ತಿಂಗಳಿಗೆ 280 ಯುನಿಟ್ ಬಳಸುವ ಮನೆಯೊಂದು 2 ಕಿಲೋವಾಟ್ ಘಟಕ ಹಾಕಿಸಿದೆ ಎಂದು ಭಾವಿಸಬಹುದು. 2024-25ರಲ್ಲಿ ಜಾರಿಯಲ್ಲಿದ್ದ, ಗೃಹಬಳಕೆಗೆ ಯುನಿಟ್‌ಗೆ 5.90 ರೂ. ಎಂಬ ಏಕರೂಪ ದರದಲ್ಲಿ ಆ ಮನೆಯ ಬಳಕೆಯ ಶುಲ್ಕ 1,652 ರೂ. ಆಗುತ್ತದೆ. ಘಟಕವು ತಿಂಗಳಿಗೆ 240 ಯುನಿಟ್ ಕೊಟ್ಟರೆ ಉಳಿದ 40 ಯುನಿಟ್‌ಗೆ 236 ರೂ. ಮಾತ್ರ ತೆರಬೇಕು. ತೆರಿಗೆಯನ್ನು ಬಿಟ್ಟು ತಿಂಗಳಿಗೆ 1,416 ರೂ. ಉಳಿಯುತ್ತದೆ. ಮಂಜೂರಾದ ಲೋಡಿಗೆ ಅನುಗುಣವಾದ ನಿಗದಿತ ಶುಲ್ಕವನ್ನು ಎಂದಿನಂತೆ ಪಾವತಿಸಬೇಕು.

ಜಾಲಕ್ಕೆ ಜೋಡಿಸಿದ, ಬ್ಯಾಟರಿ ಇಲ್ಲದ ಘಟಕಗಳು ಕರೆಂಟು ಹೋದಾಗ ಬಿಸಿಲಿದ್ದರೂ ಸ್ಥಗಿತಗೊಳ್ಳುತ್ತವೆ. ತಂತಿ ದುರಸ್ತಿ ಮಾಡುವ ಲೈನ್‌ಮನ್‌ಗಳಿಗೆ ಮನೆಯ ಕಡೆಯಿಂದ ವಿದ್ಯುತ್ ಹರಿದು ಅಪಾಯವಾಗಬಾರದೆಂಬುದು ಇದಕ್ಕೆ ಕಾರಣ. ವಿದ್ಯುತ್ ಕಡಿತದ ವೇಳೆಯೂ ದೀಪ ಬೇಕೆನ್ನುವವರಿಗೆ ಬ್ಯಾಟರಿಯ ಪ್ರತ್ಯೇಕ ವ್ಯವಸ್ಥೆ ಅಗತ್ಯ.

ಗೃಹಜ್ಯೋತಿ ಯೋಜನೆಯೊಂದಿಗಿನ ಸಂಬಂಧ

ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆಯು 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಯಲ್ಲಿದೆ. 2022-23ರ ಸರಾಸರಿ ಬಳಕೆಗೆ ಶೇ. 10ರಷ್ಟನ್ನು ಸೇರಿಸಿ, 200 ಯುನಿಟ್ ಮೀರದಂತೆ ಪ್ರತಿ ಮನೆಗೂ ಉಚಿತ ಮಿತಿಯನ್ನು ಗೊತ್ತುಪಡಿಸಲಾಯಿತು. ಬಾಡಿಗೆದಾರರೂ ಇದಕ್ಕೆ ಅರ್ಹರು. ಮಿತಿಯನ್ನು ಮೀರಿದರೂ 200 ಯುನಿಟ್‌ನೊಳಗೆ ಇದ್ದರೆ ಹೆಚ್ಚುವರಿ ಯುನಿಟ್‌ಗಳಿಗೆ ಮಾತ್ರ ಹಣ ತೆರಬೇಕು. 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಪಾವತಿಸಬೇಕು.

ಸರಾಸರಿ 150 ಯುನಿಟ್ ಬಳಸುತ್ತಿದ್ದ ಮನೆಗೆ 165 ಯುನಿಟ್‌ವರೆಗೆ ಶೂನ್ಯ ಬಿಲ್ಲು ಬರುತ್ತದೆ. ಅಂಥ ಮನೆಗೆ ಸೌರ ಘಟಕದಿಂದ ಸದ್ಯಕ್ಕೆ ಹಣದ ಉಳಿತಾಯ ಕಾಣುವುದಿಲ್ಲ. ಹೂಡಿದ ಹಣ ಹಿಂದಿರುಗುವುದು ಮುಖ್ಯವಾಗಿ 200 ಯುನಿಟ್ ಮೀರಿ ಬಳಸುವ ಮನೆಗಳಲ್ಲಿ. ಒಂದು ಯೋಜನೆಯು ಬಿಲ್ಲನ್ನು ಸರ್ಕಾರವೇ ಭರಿಸುವಂತೆ ಮಾಡಿದರೆ, ಇನ್ನೊಂದು ಗ್ರಾಹಕನನ್ನೇ ಉತ್ಪಾದಕನನ್ನಾಗಿ ಮಾಡುತ್ತದೆ. ಎರಡೂ 'ಉಚಿತ ವಿದ್ಯುತ್' ಎಂಬ ಹೆಸರಿನಲ್ಲಿ ಪ್ರಚಲಿತವಾಗಿರುವುದರಿಂದ ಗ್ರಾಹಕರಲ್ಲಿ ಗೊಂದಲ ಉಂಟಾಗುವುದು ಸಹಜ. ಸೂರ್ಯ ಘರ್ ಯೋಜನೆಯ ಪ್ರಕಟಣೆಯಲ್ಲಿರುವ ತಿಂಗಳಿಗೆ 300 ಯುನಿಟ್ ಉಚಿತ ಎಂಬ ಮಾತು, ಸ್ವಂತ ಫಲಕಗಳಿಂದ ಬರುವ ವಿದ್ಯುತ್ತನ್ನು ಸೂಚಿಸುತ್ತದೆಯೇ ಹೊರತು ಸರ್ಕಾರವು ಬಿಲ್ಲು ಕಟ್ಟುತ್ತದೆಂಬ ಅರ್ಥದಲ್ಲಿಲ್ಲ.

ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಮತ್ತು ಅದಕ್ಕೆ ಸೇರಿದ ಆರ್‌ಪಿಸಿ ಲೇಔಟ್ (ಹಂಪಿನಗರ) ಮುಂತಾದ ಬಡಾವಣೆಗಳು ಈ ಸಹಾಯಧನದ ಸಾಧ್ಯತೆ ಮತ್ತು ಮಿತಿಗಳೆರಡನ್ನೂ ತೋರಿಸುತ್ತವೆ. ಇಂಥ ಬಡಾವಣೆಗಳಲ್ಲಿ 30x40 ಅಡಿ ಮತ್ತು 20x30 ಅಡಿ ಅಳತೆಯ ನಿವೇಶನಗಳು ಸಾಮಾನ್ಯ. 30x40 ನಿವೇಶನದ ವಿಸ್ತೀರ್ಣ 1,200 ಚದರ ಅಡಿಯಾದರೂ, ಬಿಟ್ಟ ಜಾಗ, ಮೆಟ್ಟಿಲ ಕೋಣೆ, ಓವರ್‌ಹೆಡ್ ಟ್ಯಾಂಕ್, ಸೌರ ನೀರು ಕಾಯಿಸುವ ಯಂತ್ರ ಮತ್ತು ಬಟ್ಟೆ ಒಣಗಿಸುವ ಸ್ಥಳವನ್ನು ಕಳೆದರೆ ತಾರಸಿಯಲ್ಲಿ ಉಳಿಯುವ ಜಾಗ ಕಡಿಮೆ. 3 ಕಿಲೋವಾಟ್‌ಗೆ ಬೇಕಾದ 300 ಚದರ ಅಡಿ ಅಲ್ಲಿ ದೊರೆತರೂ 20x30 ನಿವೇಶನದಲ್ಲಿ ಅದು ಕಷ್ಟ. ಎತ್ತರದ ಚೌಕಟ್ಟಿನ ಮೇಲೆ ಫಲಕಗಳನ್ನು ಕೂರಿಸಿದರೆ ಕೆಳಗಿನ ಜಾಗ ಬಳಕೆಗೆ ಉಳಿಯುತ್ತದೆ, ಆದರೆ ವೆಚ್ಚ ಹೆಚ್ಚುತ್ತದೆ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ಹೆಚ್ಚುಕಡಿಮೆ ಅಷ್ಟೇ ಓರೆಯಲ್ಲಿ ಕೂರಿಸುವುದು ಉತ್ತಮ. ದಕ್ಷಿಣದ ಪಕ್ಕದಲ್ಲಿ ನಾಲ್ಕು ಅಂತಸ್ತಿನ ಮನೆ ಎದ್ದರೆ ಅದರ ನೆರಳು ಉತ್ಪಾದನೆಯನ್ನು ಕುಗ್ಗಿಸುತ್ತದೆ. ಪಕ್ಕದ ನಿವೇಶನ ಖಾಲಿಯಿದ್ದರೆ ಅಥವಾ ಅಲ್ಲಿ ಹಳೆಯ ಒಂದಂತಸ್ತಿನ ಮನೆಯಿದ್ದರೆ ಮುಂದೆ ಏನು ಕಟ್ಟಬಹುದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಈ ಭಾಗದ ಅನೇಕ ಕಟ್ಟಡಗಳಲ್ಲಿ ಮಾಲೀಕರು ಒಂದು ಅಂತಸ್ತಿನಲ್ಲಿದ್ದು, ಉಳಿದವನ್ನು ಬಾಡಿಗೆಗೆ ಅಥವಾ ಭೋಗ್ಯಕ್ಕೆ ನೀಡಿರುತ್ತಾರೆ. ಪ್ರತಿ ಮನೆಗೂ ಪ್ರತ್ಯೇಕ ಮೀಟರ್ ಇರುತ್ತದೆ. ಸಾಮಾನ್ಯ ನೆಟ್ ಮೀಟರ್ ಪದ್ಧತಿಯಲ್ಲಿ ತಾರಸಿಯ ಘಟಕವನ್ನು ಒಂದು ಮೀಟರ್‌ಗೆ ಮಾತ್ರ ಜೋಡಿಸಲಾಗುತ್ತದೆ. ಇದರಿಂದ ಅದರ ಪ್ರಯೋಜನ ಬಹುಪಾಲು ಮಾಲೀಕರ ಬಿಲ್ಲಿಗೆ ಸೀಮಿತ. ಬಾಡಿಗೆದಾರರಿಗೆ ತಾರಸಿಯ ಮೇಲೆ ಹಕ್ಕಿಲ್ಲ. ವಿದ್ಯುತ್ ಸಂಪರ್ಕವೂ ಅವರ ಹೆಸರಿನಲ್ಲಿರುವುದಿಲ್ಲ.

ಇಂಧನ ಉಳಿತಾಯದ ಪೂರಕ ಕ್ರಮಗಳು

ಬಳಕೆಯನ್ನು ಮೊದಲು ತಗ್ಗಿಸಿಕೊಂಡರೆ ಚಿಕ್ಕ ಘಟಕವೇ ಸಾಕಾಗುತ್ತದೆ. ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಬಳಸಿದರೆ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್ ಬಳಸುತ್ತದೆ. ದಿನಕ್ಕೆ ಹತ್ತು ಗಂಟೆ ತಿರುಗುವ ನಾಲ್ಕು ಫ್ಯಾನ್‌ಗಳನ್ನು ಬದಲಿಸಿದರೆ ತಿಂಗಳಿಗೆ 54 ಯುನಿಟ್ ಉಳಿಯುತ್ತದೆ. ಇದು ಸುಮಾರು ಅರ್ಧ ಕಿಲೋವಾಟ್ ಸೌರ ಫಲಕಗಳ ಉತ್ಪಾದನೆಗೆ ಸಮೀಪದ ಪ್ರಮಾಣ. ಸೀಲಿಂಗ್ ಫ್ಯಾನ್‌ಗಳಿಗೆ ನಕ್ಷತ್ರ ಶ್ರೇಣಿಯ ಗುರುತು 2023ರ ಜನವರಿ 1ರಿಂದ ಕಡ್ಡಾಯವಾಗಿದೆ. ಎಲ್‌ಇಡಿ ಬಲ್ಬುಗಳನ್ನು ಕಡಿಮೆ ದರದಲ್ಲಿ ವಿತರಿಸುವ ಕೇಂದ್ರದ ಕಾರ್ಯಕ್ರಮವು ಕರ್ನಾಟಕದಲ್ಲಿ 2015ರ ಡಿಸೆಂಬರ್‌ನಲ್ಲಿ 'ಹೊಸ ಬೆಳಕು' ಎಂಬ ಹೆಸರಿನಿಂದ ಆರಂಭವಾಯಿತು.

100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಗೀಸರ್‌ಗೆ ಸುಮಾರು 3.5 ಯುನಿಟ್ ಬೇಕು. ಸೌರ ನೀರು ಕಾಯಿಸುವ ಯಂತ್ರವು ಬಿಸಿಲಿನ ದಿನಗಳಲ್ಲಿ ಇದನ್ನು ಪೂರ್ತಿಯಾಗಿ ಉಳಿಸುತ್ತದೆ. ಇಂಥ ಯಂತ್ರವನ್ನು ಬಳಸುವ ಮನೆಗಳಿಗೆ ಯುನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂ. ರಿಯಾಯಿತಿಯನ್ನು ಆಯೋಗದ ದರಪಟ್ಟಿಗಳಲ್ಲಿ ನೀಡುತ್ತ ಬರಲಾಗಿದೆ.

ಮನೆಯ ಗೋಡೆ, ಕಿಟಕಿ ಮತ್ತು ಚಾವಣಿಗಳ ಮೂಲಕ ಒಳಬರುವ ಶಾಖವನ್ನು ಕಡಿಮೆ ಮಾಡಲು ಇಂಧನ ದಕ್ಷತಾ ಬ್ಯೂರೋ 2018ರಲ್ಲಿ 'ಇಕೋ ನಿವಾಸ ಸಂಹಿತೆ'ಯನ್ನು ಪ್ರಕಟಿಸಿತು. ಇದು ಮುಖ್ಯವಾಗಿ ಹೊಸ ಕಟ್ಟಡಗಳಿಗೆ ಸಂಬಂಧಿಸಿದ ಸಂಹಿತೆ. ನೆರೆಯ ತೆಲಂಗಾಣ ರಾಜ್ಯವು 2023ರಲ್ಲಿ ತಂಪು ಚಾವಣಿ ನೀತಿಯನ್ನು ಜಾರಿಗೆ ತಂದಿತು.

ಇತರ ದೇಶಗಳಲ್ಲಿ

ಚಳಿ ದೇಶಗಳಲ್ಲಿ ಮನೆ ನವೀಕರಣದ ಅನುದಾನಗಳು ಶಾಖವನ್ನು ಒಳಗೇ ಉಳಿಸಿಕೊಳ್ಳುವ ಉದ್ದೇಶದವು. ಅಮೆರಿಕದಲ್ಲಿ ಕಡಿಮೆ ಆದಾಯದ ಕುಟುಂಬಗಳ ಮನೆಗಳಿಗೆ ಶಾಖ ನಿರೋಧಕ ಅಳವಡಿಸುವ ಸರ್ಕಾರಿ ಕಾರ್ಯಕ್ರಮವು 1976ರಿಂದ ನಡೆಯುತ್ತಿದೆ. ಅದರಲ್ಲಿ ಕೆಲಸವನ್ನು ಕಾರ್ಯಕ್ರಮದ ವೆಚ್ಚದಲ್ಲಿಯೇ ಮಾಡಿಸಿಕೊಡಲಾಗುತ್ತದೆ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಹಸಿರು ಮನೆ ಅನುದಾನವು ಆಡಳಿತಾತ್ಮಕ ತೊಡಕುಗಳ ನಡುವೆ 2021ರ ಮಾರ್ಚ್ ಅಂತ್ಯಕ್ಕೇ ಹೊಸ ಅರ್ಜಿಗಳಿಗೆ ಮುಚ್ಚಿಹೋಯಿತು.

ಮಿತಿಗಳು

ಸಹಾಯಧನವು ಕೆಲಸ ಮುಗಿದ ಮೇಲೆ ಬರುವುದರಿಂದ, ಕೈಯಲ್ಲಿ ಹಣ ಇಲ್ಲದವರು ಸಾಲವನ್ನು ಆಶ್ರಯಿಸಬೇಕಾಗುತ್ತದೆ. ಪಿಂಚಣಿಯಲ್ಲಿ ಬದುಕುವ ಹಿರಿಯರು ಸ್ವಂತ ತಾರಸಿ ಹೊಂದಿದ್ದರೂ ಈ ಮೊದಲ ಹೂಡಿಕೆಗೆ ಹಿಂಜರಿಯಬಹುದು. ಸ್ವಂತ ತಾರಸಿ ಇಲ್ಲದವರ ಕೊರತೆಯನ್ನು ನೀಗಿಸಲು ಎರಡು ಮಾರ್ಗಗಳಿವೆ. ಮೊದಲನೆಯದು, ಒಂದೆಡೆ ಉತ್ಪಾದನೆಯಾದ ವಿದ್ಯುತ್ತನ್ನು ಹಲವು ಮೀಟರ್‌ಗಳಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್. ಎರಡನೆಯದು, ಕಂಪನಿಯೊಂದು ತನ್ನ ಹಣದಲ್ಲಿಯೇ ಘಟಕ ಸ್ಥಾಪಿಸಿ ಬಳಕೆಗೆ ತಕ್ಕಂತೆ ಶುಲ್ಕ ಪಡೆಯುವ ರೆಸ್ಕೊ ಮಾದರಿ. ರೆಸ್ಕೊ ಮಾದರಿಗೆ ಹಾಗೂ ವಿದ್ಯುತ್ ಕಂಪನಿಗಳೇ ಮನೆಗಳ ಪರವಾಗಿ ಘಟಕ ಸ್ಥಾಪಿಸುವ ಮಾದರಿಗೆ ಕೇಂದ್ರ ಸಚಿವಾಲಯವು 2024ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿ, ಪಾವತಿ ಭದ್ರತೆಗಾಗಿ 100 ಕೋಟಿ ರೂ. ನಿಧಿಯನ್ನು ಒದಗಿಸಿತು.

ಇವನ್ನೂ ನೋಡಿ

ಗೃಹಜ್ಯೋತಿ ಯೋಜನೆ
ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ
ಪಾವಗಡ ಸೌರ ಉದ್ಯಾನ
ನವೀಕರಿಸಬಹುದಾದ ಇಂಧನ